ಕಾಫಿ ಹೊತ್ತಿಗೆ ನಾಯಿ ಮುಖ ನೋಡುತ್ತಾ ಕೂತರೆ: ಬಿಸ್ಕತ್ತು, ಮಂಡಕ್ಕಿ, ಕಡ್ಲೆಕಾಯಿ, ಸೌತೆಕಾಯಿ – ಯಾವುದು ವಾಸಿ?

ನಮ್ಮನೆ ಕರಿಯನಿಗೆ ಗಡಿಯಾರ ನೋಡಲು ಬರುವುದಿಲ್ಲ. ಆದರೆ ಸಂಜೆ ಐದಕ್ಕೆ ತಿಂಡಿ ಡಬ್ಬಿಯ ಮುಚ್ಚಳ ಸದ್ದಾದರೆ ಸಾಕು, ಮಹಡಿ ಮೇಲಿದ್ದರೂ ದಡದಡ ಇಳಿದು ಬಂದು ಸೋಫಾ ಮುಂದೆ ಕೂತುಬಿಡುತ್ತಾನೆ. ಬೊಗಳುವುದಿಲ್ಲ, ಮೇಲೆ ಹತ್ತುವುದಿಲ್ಲ. ಸುಮ್ನೆ ನೋಡುತ್ತಾನೆ. ಆ ನೋಟ ಎದುರಿಗಿಟ್ಟುಕೊಂಡು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಳ್ಳುವಷ್ಟು ಗಟ್ಟಿ ಮನಸ್ಸು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಕರಿಯ ಬೀದಿಯಿಂದ ಬಂದವನು. ಇರಬೇಕಾದ ತೂಕ 14 ಕೆಜಿ. ಒಂದು ಸಲ ಲಸಿಕೆ ಹಾಕಿಸಲು ಹೋದಾಗ ತೂಗಿ ನೋಡಿದರೆ 18 ತೋರಿಸಿತು. ಡಾಕ್ಟರು ಕೇಳಿದರು, "ಊಟ ಬಿಟ್ಟು ಬೇರೆ ಏನು ಕೊಡ್ತೀರಿ?" ನಾನು ಧೈರ್ಯವಾಗಿ "ಒಂದೆರಡು ಬಿಸ್ಕತ್ತು ಅಷ್ಟೇ ಸರ್" ಅಂದೆ. ಮನೆಗೆ ಬಂದು ಎಲ್ಲರನ್ನೂ ಕೂರಿಸಿ ಲೆಕ್ಕ ಹಾಕಿದೆವು. ಅಪ್ಪ ಬೆಳಗಿನ ವಾಕಿಂಗಿನಲ್ಲಿ ಮೂರು, ಅಮ್ಮ ಕಾಫಿ ಜೊತೆ ಎರಡು, ಮಗಳು ಸ್ಕೂಲಿಂದ ಬಂದ ಮೇಲೆ ನಾಲ್ಕು, ನಾನು ಎರಡು, ಕೆಳಗಿನ ಮನೆ ಅಜ್ಜಿ ಗೇಟಿನ ಸಂದಿಯಿಂದ ಮೂರು. ಒಟ್ಟು ಹದಿನಾಲ್ಕು! ಪ್ರತಿಯೊಬ್ಬರ ಲೆಕ್ಕದಲ್ಲೂ ಅದು "ಒಂದೆರಡೇ".

ಅವತ್ತಿನಿಂದ ನಾನು ಮನೆಯ ಕುರುಕಲು ತಿಂಡಿಗಳನ್ನೆಲ್ಲ ನಾಯಿಯ ಕಣ್ಣಿನಿಂದ ನೋಡಲು ಶುರು ಮಾಡಿದೆ. "ನಾಯಿಗೆ ಇದು ಕೊಡಬಹುದಾ?" ಅಂತ ಕೇಳಿದರೆ ಸಿಗುವ ಉತ್ತರ ಬಹಳ ಸಲ ಅರ್ಧ ಮಾತ್ರ. ಮಂಡಕ್ಕಿ ಕೊಡಬಹುದು, ಗಿರ್ಮಿಟ್ ಕೊಡಬಾರದು. ಎರಡೂ ಮಂಡಕ್ಕಿಯೇ ತಾನೇ? ಅದಕ್ಕೇ ತಿಂಡಿಯ ಹೆಸರಿಗಿಂತ ಅದರ ಜೊತೆ ಏನು ಬೆರೆತಿದೆ, ನಾಯಿ ಎಷ್ಟು ದಪ್ಪದ್ದು, ಮನೆಯಲ್ಲಿ ಎಷ್ಟು ಕೈ ಕೊಡುತ್ತಿವೆ, ಇವೇ ನನಗೆ ಮುಖ್ಯ ಅನ್ನಿಸಿದವು.

ಮೊದಲು ಒಂದು ಚಿಕ್ಕ ಲೆಕ್ಕ

ಪಶುವೈದ್ಯರು ಸಾಮಾನ್ಯವಾಗಿ ಹೇಳುವುದು ಇಷ್ಟು: ದಿನದ ಒಟ್ಟು ಕ್ಯಾಲೊರಿಯಲ್ಲಿ ಮೇಲ್ತಿಂಡಿ 10 ಪರ್ಸೆಂಟ್ ದಾಟಬಾರದು. ಮಿಕ್ಕಿದ್ದು ಸರಿಯಾದ ಊಟದಿಂದಲೇ ಬರಬೇಕು. ಮರಿ ಆಗದಂತೆ ಆಪರೇಷನ್ ಆಗಿರುವ, ಮನೆಯಲ್ಲೇ ಇರುವ 14 ಕೆಜಿ ನಾಯಿಗೆ ದಿನಕ್ಕೆ ಹೆಚ್ಚುಕಡಿಮೆ 800 ಕ್ಯಾಲೊರಿ ಬೇಕು. ಅಂದರೆ ತಿಂಡಿಗೆ 80. ಐದು ಕೆಜಿಯ ಪೊಮೆರೇನಿಯನ್ ಆದರೆ ಬರೀ 35. ಮೂವತ್ತು ಕೆಜಿಯ ಲ್ಯಾಬ್ರಡಾರ್ ಆದರೆ 140ರ ಆಸುಪಾಸು. ದಿನಾ ಓಡಾಡುವ ನಾಯಿಗೆ ಸ್ವಲ್ಪ ಜಾಸ್ತಿ, ಬಾಲ್ಕನಿಯಲ್ಲೇ ಮಲಗಿರುವುದಕ್ಕೆ ಕಡಿಮೆ.

ಕರಿಯನ 80 ಕ್ಯಾಲೊರಿಯನ್ನೇ ಅಳತೆ ಇಟ್ಟುಕೊಂಡು ನೋಡಿ. ಗ್ಲೂಕೋಸ್ ಬಿಸ್ಕತ್ತಾದರೆ ನಾಲ್ಕಕ್ಕೇ ಮುಗಿಯಿತು. ಮಂಡಕ್ಕಿ ಆದರೆ 20 ಗ್ರಾಂ, ಅಂದರೆ ಒಂದು ದೊಡ್ಡ ಬಟ್ಟಲು ತುಂಬ. ಕಡ್ಲೆಬೀಜ ಸುಮಾರು 25-30 ಕಾಳು. ಹಸಿ ತೆಂಗಿನಕಾಯಿ ಎರಡು ಬೆರಳಗಲದ ಚೂರು. ಮನೆಯಲ್ಲಿ ಮಾಡಿದ ಮಧ್ಯಮ ಗಾತ್ರದ ಚಕ್ಕುಲಿ ಒಂದೇ ಒಂದು. ಸೌತೆಕಾಯಿ ಆದರೆ ಅರ್ಧ ಕೆಜಿ! ಯಾವ ನಾಯಿಯೂ ಅರ್ಧ ಕೆಜಿ ಸೌತೆಕಾಯಿ ತಿನ್ನುವುದಿಲ್ಲ ಬಿಡಿ, ತಿನ್ನಬೇಕಾಗಿಯೂ ಇಲ್ಲ. ಆದರೆ ಯಾವ ತಿಂಡಿಯಲ್ಲಿ ನಮಗೆ ಕೈ ಆಡಿಸಲು ಜಾಗ ಇದೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

ಬಿಸ್ಕತ್ತು: ವಿಷ ಅಲ್ಲ, ಆದರೆ ನನ್ನ ಪಟ್ಟಿಯಲ್ಲಿ ಕೆಳಗೇ

ನಮ್ಮಲ್ಲಿ ನಾಯಿ ಅಂದ ತಕ್ಷಣ ಕೈ ಹೋಗುವುದು ಪಾರ್ಲೆ-ಜಿ ಕಡೆಗೆ. ಕಡಿಮೆ ಬೆಲೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಕೈ ಅಂಟಾಗುವುದಿಲ್ಲ, ನಾಯಿಗೂ ಪ್ರಾಣ. ಅದರಲ್ಲಿ ಇರುವುದು ಗೋಧಿ ಹಿಟ್ಟು, ಸಕ್ಕರೆ, ಪಾಮ್ ಎಣ್ಣೆ, ಸ್ವಲ್ಪ ಹಾಲಿನ ಅಂಶ, ಉಪ್ಪು, ಉಬ್ಬಿಸುವ ಪುಡಿ. ನಾಯಿಯನ್ನು ಅವತ್ತೇ ಮಲಗಿಸುವಂಥದ್ದು ಇದರಲ್ಲಿ ಏನೂ ಇಲ್ಲ. ಒಂದು ತಿಂದರೆ ಗಾಬರಿಯಾಗಬೇಡಿ.

ತೊಂದರೆ ಇರುವುದು ದಿನಾ ಕೊಡುವುದರಲ್ಲಿ. ಈ ಜಾತಿಯ ಬಿಸ್ಕತ್ತಿನಲ್ಲಿ 100 ಗ್ರಾಮಿಗೆ ಸುಮಾರು 450 ಕ್ಯಾಲೊರಿ, ಕಾಲು ಭಾಗ ಬರೀ ಸಕ್ಕರೆ. ನಾಯಿಗೆ ಬೇಕಾದ ಪ್ರೋಟೀನ್ ಲೆಕ್ಕಕ್ಕಿಲ್ಲ. ಬಿಸ್ಕತ್ತಿನಲ್ಲೇ ಹೊಟ್ಟೆ ತುಂಬಿಸಿಕೊಂಡ ನಾಯಿ ಊಟದ ತಟ್ಟೆ ಮೂಸಿ ನೋಡಿ ಹೊರಟುಹೋಗುತ್ತದೆ, ನಾವು "ಊಟ ಸೇರ್ತಿಲ್ಲ ಪಾಪ" ಅಂತ ಇನ್ನೆರಡು ಬಿಸ್ಕತ್ತು ಕೊಡುತ್ತೇವೆ. ಆಮೇಲೆ ಬೊಜ್ಜು, ಮಂಡಿ ನೋವು, ಹಲ್ಲಿನ ಮೇಲೆ ಪಾಚಿ.

ಮಾರಿ ಬಿಸ್ಕತ್ತಿನಲ್ಲಿ ಸಕ್ಕರೆ ಸ್ವಲ್ಪ ಕಡಿಮೆ, ಅಷ್ಟರ ಮಟ್ಟಿಗೆ ಅದು ವಾಸಿ. ರಸ್ಕ್ ಕೂಡ ಹೆಚ್ಚುಕಡಿಮೆ ಅದೇ ಮನೆತನದ್ದು. ಕ್ರೀಮ್ ಬಿಸ್ಕತ್ತು ಬೇಡ, ಚಾಕೊಲೇಟ್ ಕ್ರೀಮ್ ಅಂತೂ ಬೇಡವೇ ಬೇಡ. ಇನ್ನೊಂದು, ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿ ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಕಾಫಿ, ಟೀ ಎರಡರಲ್ಲೂ ಕೆಫೀನ್ ಇರುತ್ತದೆ, ನಾಯಿಗೆ ಅದು ನಮಗಿಂತ ಜಾಸ್ತಿ ನಾಟುತ್ತದೆ. ಅದ್ದದೆ ಕೊಡಿ.

ಅಮ್ಮನಿಗೆ ಬಿಸ್ಕತ್ತು ಪೂರ್ತಿ ನಿಲ್ಲಿಸಿ ಅಂದಾಗ ಸಿಟ್ಟು ಬಂತು. "ನೀನು ತಿನ್ಕೊಂಡು ಅವನಿಗೆ ಕೊಡ್ಬೇಡ ಅಂದ್ರೆ ಹೆಂಗೆ? ನೋಡೋ ಅವ್ನ ಮುಖಾನ" ಅಂದರು. ಕೊನೆಗೆ ಒಂದು ಒಪ್ಪಂದ ಆಯಿತು. ಬೆಳಗ್ಗೆ ಒಂದೇ ಬಿಸ್ಕತ್ತು ಮುರಿದು ಎಂಟು ಚೂರು ಮಾಡಿ ಚಿಕ್ಕ ಡಬ್ಬಿಯಲ್ಲಿ ಇಡುವುದು, ಇಡೀ ದಿನ ಯಾರು ಕೊಟ್ಟರೂ ಅದರಿಂದಲೇ. ಕರಿಯನಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಅವನಿಗೆ ಎಷ್ಟು ಸಲ ಕೈ ಬಾಯಿಗೆ ಬಂತು ಅನ್ನುವುದು ಮುಖ್ಯ, ಚೂರು ಎಷ್ಟು ದೊಡ್ಡದು ಅನ್ನುವುದಲ್ಲ.

(ಲ್ಯಾಬ್ರಡಾರ್ ಸಾಕಿದವರಿಗೆ ಒಂದು ಸಮಾಧಾನದ ಮಾತು. 2016ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದವರು ನೋಡಿದಾಗ ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು ಲ್ಯಾಬ್ರಡಾರಿಗೆ ಹಸಿವಿಗೆ ಸಂಬಂಧಪಟ್ಟ ಒಂದು ಜೀನ್‌ನಲ್ಲೇ ಏರುಪೇರು ಇತ್ತು. ಹಾಗಾಗಿ ನಿಮ್ಮದು ಗೋಡೆ ನೆಕ್ಕುವಷ್ಟು ಹಸಿವು ಅಂತ ನಾಟಕ ಆಡುತ್ತಿದ್ದರೆ ಅದು ನಾಟಕವೇ ಅಲ್ಲದಿರಬಹುದು. ಆದರೂ ಕೊಡಬೇಡಿ.)

ಮಂಡಕ್ಕಿ: ಸಾದಾ ಇದ್ದರೆ ಒಳ್ಳೆಯದು

ಬೆಂಗಳೂರು, ಮೈಸೂರು ಕಡೆ ಪುರಿ, ಧಾರವಾಡದ ಕಡೆ ಚುರುಮುರಿ, ದಾವಣಗೆರೆಯಲ್ಲಿ ಮಂಡಕ್ಕಿ. ಹೆಸರು ಯಾವುದಾದರೂ ಇಡಿ, ಕುರುಕಲು ತಿಂಡಿಗಳಲ್ಲಿ ನಾಯಿಗೆ ಕೊಡಲು ನನಗೆ ಹಿಡಿಸಿದ ಒಣ ತಿಂಡಿ ಇದೇ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಗಾಳಿ ಜಾಸ್ತಿ, ತೂಕ ಕಡಿಮೆ. ಹತ್ತು ಕಾಳು ನೆಲದ ಮೇಲೆ ಚೆಲ್ಲಿದರೆ ಕರಿಯ ಐದು ನಿಮಿಷ ಮೂಗಿನಲ್ಲಿ ಹುಡುಕಿ ಹುಡುಕಿ ತಿನ್ನುತ್ತಾನೆ, ಅಷ್ಟರಲ್ಲಿ ನನ್ನ ಕಾಫಿ ಮುಗಿದಿರುತ್ತದೆ. ಒಂದು ಕಾಳಿಗೆ ಎಷ್ಟು ಕ್ಯಾಲೊರಿ ಅಂತ ಲೆಕ್ಕ ಹಾಕುವುದೇ ಬೇಡ.

ಒಂದು ಮಾತ್ರ ನೆನಪಿರಲಿ. ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿಗೆ ಉಪ್ಪು ನೀರು ಹಚ್ಚಿ, ಆಮೇಲೆ ಕಾದ ಮರಳಿನಲ್ಲಿ ಹುರಿದು ಅರಳಿಸುತ್ತಾರೆ. ಅಂದರೆ ಸಾದಾ ಮಂಡಕ್ಕಿಯಲ್ಲೂ ಸ್ವಲ್ಪ ಉಪ್ಪು ಇದ್ದೇ ಇರುತ್ತದೆ. ಆರೋಗ್ಯವಾಗಿರುವ ನಾಯಿ ಒಂದು ಹಿಡಿ ತಿಂದು, ಪಕ್ಕದಲ್ಲಿ ನೀರು ಇದ್ದರೆ ಏನೂ ಆಗುವುದಿಲ್ಲ. ಹೃದಯದ ತೊಂದರೆ, ಕಿಡ್ನಿ ತೊಂದರೆ ಇರುವ ನಾಯಿಗೆ ಇದೂ ಬೇಡ.

ಈಗ ಅದೇ ಮಂಡಕ್ಕಿ ಗಿರ್ಮಿಟ್ ಆದಾಗ ಏನಾಗುತ್ತದೆ ನೋಡಿ. ಈರುಳ್ಳಿ ಬಂತು, ಹುಣಸೆರಸ ಬಂತು, ಹಸಿಮೆಣಸು ಬಂತು, ಎಣ್ಣೆ ಬಂತು. ಈರುಳ್ಳಿ ಮತ್ತು ಹುಣಸೆ ಎರಡೂ ನಾಯಿಗೆ ಆಗದ ವಸ್ತುಗಳು, ಮುಂದೆ ಹೇಳುತ್ತೇನೆ. ಸುಸಲ, ಭೇಲ್ ಪುರಿ, ಮಸಾಲ ಮಂಡಕ್ಕಿ ಎಲ್ಲದರದ್ದೂ ಇದೇ ಕಥೆ. ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಖಾರ ಮಂಡಕ್ಕಿಯೂ ಬೇಡ. ನಾಯಿಯ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟುಬಿಡಿ.

ಪಾಪ್‌ಕಾರ್ನ್ ಕೂಡ ಇದೇ ಜಾತಿ. ಮನೆಯಲ್ಲಿ ಉಪ್ಪು ಬೆಣ್ಣೆ ಇಲ್ಲದೆ ಅರಳಿಸಿದ್ದಾದರೆ ನಾಲ್ಕು ಕೊಡಬಹುದು. ಆದರೆ ಅರಳದೆ ಉಳಿದ ಕಾಳು ಕಲ್ಲಿನಂತೆ ಇರುತ್ತದೆ, ನಾಯಿಯ ಹಲ್ಲು ಸೀಳಬಹುದು, ಸಿಪ್ಪೆ ಒಸಡಿಗೆ ಸಿಕ್ಕಿಕೊಳ್ಳಬಹುದು. ಮಂಡಕ್ಕಿಯಲ್ಲಿ ಈ ತಲೆನೋವು ಇಲ್ಲ. ಎರಡರಲ್ಲಿ ಒಂದು ಆರಿಸು ಅಂದರೆ ನಾನು ಮಂಡಕ್ಕಿ ಅನ್ನುತ್ತೇನೆ.

ಕಡ್ಲೆಕಾಯಿ: ಇಲ್ಲಿ ಸ್ವಲ್ಪ ನಿಲ್ಲೋಣ

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡ್ಲೆಕಾಯಿ ಪರಿಷೆಗೆ ಹೋಗಿ ಬಂದ ಮನೆಗಳಲ್ಲಿ ಮುಂದಿನ ವಾರವಿಡೀ ಕಡ್ಲೆಕಾಯಿಯೇ. ನಮ್ಮಲ್ಲೂ ಹಾಗೇ. ಒಂದು ವರ್ಷ ಪರಿಷೆಯಿಂದ ತಂದ ಬೇಯಿಸಿದ ಕಡ್ಲೆಕಾಯಿಯ ಕವರ್ ಸೋಫಾ ಮೇಲೆ ಬಿಟ್ಟು ಕೈಕಾಲು ತೊಳೆಯಲು ಹೋಗಿದ್ದೆ. ಹತ್ತು ನಿಮಿಷ, ಅಷ್ಟೇ. ಕರಿಯ ಅರ್ಧ ಕವರ್ ಖಾಲಿ ಮಾಡಿದ್ದ. ಸಿಪ್ಪೆ ಸಮೇತ! ರಾತ್ರಿಯೆಲ್ಲ ವಾಂತಿ, ಮರುದಿನ ಹೊಟ್ಟೆ ಬಿಗಿ, ಬಟ್ಟಲು ಗಟ್ಟಲೆ ನೀರು ಕುಡಿದ. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಎಕ್ಸ್‌ರೇ ತೆಗೆಸಿ, ಡ್ರಿಪ್ಸ್ ಹಾಕಿ ಕಳಿಸಿದರು. ಕಡ್ಲೆಬೀಜ ನಾಯಿಗೆ ವಿಷವಲ್ಲ. ಅವನನ್ನು ಕೆಡಿಸಿದ್ದು ಸಿಪ್ಪೆ, ಉಪ್ಪು, ಪ್ರಮಾಣ, ಈ ಮೂರು. ತಪ್ಪು ನಂದೇ ಅನ್ನಿ.

ಹಾಗಾಗಿ ಕಡ್ಲೆಕಾಯಿಯ ಬಗ್ಗೆ ನನ್ನ ಲೆಕ್ಕ ಹೀಗಿದೆ. ಸಿಪ್ಪೆ ಸುಲಿದ, ಉಪ್ಪಿಲ್ಲದ, ಹುರಿದ ಅಥವಾ ಬೇಯಿಸಿದ ಬೀಜ ಮಧ್ಯಮ ಗಾತ್ರದ ನಾಯಿಗೆ ಐದಾರು ಕೊಟ್ಟರೆ ಸಾಕು. ಬೇಯಿಸಿದ್ದು ಹುರಿದದ್ದಕ್ಕಿಂತ ವಾಸಿ, ನೀರಿನ ಅಂಶ ಇರುವುದರಿಂದ ಕ್ಯಾಲೊರಿ ಕಡಿಮೆ, ಮೆತ್ತಗೂ ಇರುತ್ತದೆ. ಅರ್ಧದಷ್ಟು ಎಣ್ಣೆಯೇ ತುಂಬಿರುವ ಬೀಜ ಇದು, ಜಾಸ್ತಿ ಆದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದೆ. ಆಗ ನಾಯಿ ಮುಂಗಾಲು ನೆಲಕ್ಕೆ ಒತ್ತಿ ಹಿಂಭಾಗ ಎತ್ತಿಕೊಂಡು ನಿಲ್ಲುತ್ತದೆ, ವಾಂತಿ ಮಾಡುತ್ತದೆ, ಊಟ ಬಿಡುತ್ತದೆ. ಅದು ಮನೆಮದ್ದಿನ ವಿಷಯವೇ ಅಲ್ಲ. ಪುಟ್ಟ ನಾಯಿಗಳಿಗೆ, ಒಂದು ಸಲ ಈ ತೊಂದರೆ ಬಂದು ಹೋದ ನಾಯಿಗಳಿಗೆ ಕಡ್ಲೆಕಾಯಿ ಬೇಡವೇ ಬೇಡ.

ಇನ್ನೊಂದು ವಿಷಯಕ್ಕೆ ಜನ ಗಮನ ಕೊಡುವುದೇ ಇಲ್ಲ. ಮುಗ್ಗಲು ವಾಸನೆ ಬಂದ, ಕಪ್ಪು ಹಸಿರು ಕಲೆ ಬಿದ್ದ ಕಡ್ಲೆಬೀಜವನ್ನು "ನಾವಂತೂ ತಿನ್ನಲ್ಲ, ನಾಯಿಗಾದ್ರೂ ಆಗತ್ತೆ" ಅಂತ ಹಾಕುತ್ತಾರೆ. ಕಡ್ಲೆಕಾಯಿ, ಮೆಕ್ಕೆಜೋಳಗಳಿಗೆ ಹಿಡಿಯುವ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ನಾಯಿಯ ಲಿವರ್ ಕೆಡಿಸುತ್ತದೆ, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಇದೇ ವಿಷ ಸೇರಿದ್ದ ನಾಯಿ ಆಹಾರ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿ ಬಂದಿತ್ತು. ನಾವು ತಿನ್ನದ್ದು ನಾಯಿಗೂ ಬೇಡ ಅನ್ನುವುದು ಇಲ್ಲಿ ಮರ್ಯಾದೆಯ ಪ್ರಶ್ನೆ ಅಲ್ಲ, ಲಿವರಿನ ಪ್ರಶ್ನೆ.

ಕಾಂಗ್ರೆಸ್ ಕಡ್ಲೆಕಾಯಿ, ಮಸಾಲ ಕಡ್ಲೆ, ಬಾರ್ ಪಕ್ಕದ ಅಂಗಡಿಯ ಖಾರದ ಬೀಜ, ಇವೆಲ್ಲ ನಮಗೆ. ಹುರಿಗಡಲೆ ಉಪ್ಪಿಲ್ಲದ್ದಾದರೆ ನಾಲ್ಕು ಕಾಳು ಪರವಾಗಿಲ್ಲ, ಜಾಸ್ತಿ ಆದರೆ ರಾತ್ರಿ ಪಕ್ಕದಲ್ಲಿ ಮಲಗುವವರಿಗೆ ಕಷ್ಟ. ಗೋಡಂಬಿಯೂ ವಿಷವಲ್ಲ, ಆದರೆ ನಿಮ್ಮ ಜೇಬು ನೋಡಿಕೊಳ್ಳಿ. ಪೀನಟ್ ಬಟರ್ ತರುವವರು ಡಬ್ಬಿಯ ಹಿಂದೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಒಂದು ಸಿಹಿ, ನಾಯಿಗೆ ವಿಷ) ಅಂತ ಇದೆಯಾ ನೋಡಲೇಬೇಕು, ಕೆಲವು ಸಕ್ಕರೆರಹಿತ ಡಬ್ಬಿಗಳಲ್ಲಿ ಅದು ಇರುತ್ತದೆ.

ಕರಿದ ತಿಂಡಿಗಳಲ್ಲಿ ಯಾವುದು ಕಡಿಮೆ ಕೆಟ್ಟದ್ದು?

ಈ ಪ್ರಶ್ನೆಯನ್ನು ನಮ್ಮ ಅತ್ತೆ ಕೇಳಿದ್ದು. ಪ್ರಾಮಾಣಿಕ ಉತ್ತರ: ಯಾವುದೂ ಬೇಡ. ಆದರೂ ಹಬ್ಬದ ದಿನ ಒಂದು ಚೂರು ಬಿದ್ದರೆ ಯಾವುದು ಬಿದ್ದರೆ ವಾಸಿ ಅಂದರೆ, ಸಾದಾ ಚಕ್ಕುಲಿ. ಅಕ್ಕಿ ಹಿಟ್ಟು, ಉದ್ದು, ಎಳ್ಳು, ಜೀರಿಗೆ ಅಷ್ಟೇ ಇರುತ್ತದೆ. ನಿಪ್ಪಟ್ಟಿನಲ್ಲಿ ಬಹಳ ಮನೆಗಳಲ್ಲಿ ಈರುಳ್ಳಿ ಹಾಕುತ್ತಾರೆ, ಖಾರವೂ ಜಾಸ್ತಿ. ಕೋಡುಬಳೆಯಲ್ಲಿ ಮೆಣಸಿನಪುಡಿ. ಈರುಳ್ಳಿ ಪಕೋಡದ ಬಗ್ಗೆ ಹೇಳಲೇಬೇಕಿಲ್ಲ. ಮಿಕ್ಸ್‌ಚರ್‌ನಲ್ಲಿ ಕರಿದ ಬೆಳ್ಳುಳ್ಳಿ ಎಸಳು ಇರುತ್ತದೆ, ಕೆಲವು ಅಂಗಡಿಯವರು ಒಣದ್ರಾಕ್ಷಿಯನ್ನೂ ಹಾಕುತ್ತಾರೆ, ಹಾಗಾಗಿ ನೋಡದೆ ಒಂದು ಹಿಡಿ ಎಸೆಯಲು ಅದು ಅತ್ಯಂತ ಕೆಟ್ಟ ಆಯ್ಕೆ. ಮಸಾಲ ಚಿಪ್ಸಿನ ಪ್ಯಾಕೆಟ್ ತಿರುಗಿಸಿ ಓದಿ, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಬಹುತೇಕ ಇದ್ದೇ ಇರುತ್ತದೆ. ಮಕ್ಕಳ ನೂಡಲ್ಸ್ ಮಸಾಲೆ ಪುಡಿಯೂ ಹಾಗೇ.

ಸೌತೆ, ಕ್ಯಾರೆಟ್, ಬಾಳೆಹಣ್ಣು ಮತ್ತು ತಣ್ಣಗಿನ ಇಡ್ಲಿ

ಇದು ಚಿಕ್ಕದಾಗಿಯೇ ಮುಗಿಯುತ್ತದೆ, ಏಕೆಂದರೆ ಇಲ್ಲಿ ಗಲಾಟೆ ಕಡಿಮೆ. ಎಳೆ ಸೌತೆಕಾಯಿ ನನ್ನ ಮೊದಲ ಆಯ್ಕೆ. 100 ಗ್ರಾಮಿಗೆ ಬರೀ 15 ಕ್ಯಾಲೊರಿ, ಕುರುಂ ಅನ್ನುತ್ತದೆ, ಬೇಸಿಗೆಯಲ್ಲಿ ಫ್ರಿಜ್ಜಿನಿಂದ ತೆಗೆದು ಕೊಟ್ಟರೆ ನಾಯಿಗೂ ಖುಷಿ. ಕಹಿ ಇದ್ದರೆ ಬಿಸಾಡಿ. ಕ್ಯಾರೆಟ್ 41 ಕ್ಯಾಲೊರಿ, ಗುಂಡಗೆ ದಪ್ಪ ಹೆಚ್ಚಿದರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಉದ್ದಕ್ಕೆ ಸೀಳಿ. ಕಲ್ಲಂಗಡಿ ಬೀಜ ತೆಗೆದು ಕೊಡಿ, ಸಿಪ್ಪೆ ಬೇಡ. ಏಲಕ್ಕಿ ಬಾಳೆಹಣ್ಣು ಅರ್ಧ. ಮಾವಿನ ಹಣ್ಣಿನ ತಿರುಳು ಎರಡು ಹೋಳು ಸರಿ, ಓಟೆ ಮಾತ್ರ ಕೈಗೂ ಬಾಯಿಗೂ ಸಿಗದ ಹಾಗೆ ಎಸೆಯಿರಿ, ಜಾರುವ ಆ ಓಟೆಯನ್ನು ನಾಯಿ ಇಡಿಯಾಗಿ ನುಂಗಿಬಿಟ್ಟರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಸುಟ್ಟ ಜೋಳ ತಿಂದಾದ ಮೇಲೆ ಉಳಿಯುವ ದಿಂಡೂ ಹಾಗೇ. ನಾಲ್ಕು ಕಾಳು ಬಿಡಿಸಿ ಕೊಡಿ, ದಿಂಡನ್ನು ರಸ್ತೆ ಬದಿ ಎಸೆಯಬೇಡಿ. ನಾಯಿ ಅದನ್ನು ಕಚ್ಚಿ ದೊಡ್ಡ ದೊಡ್ಡ ಚೂರು ನುಂಗುತ್ತದೆ, ಅದು ಜೀರ್ಣ ಆಗುವುದಿಲ್ಲ, ಕೊನೆಗೆ ಆಪರೇಷನ್ ಮಾಡಿಯೇ ತೆಗೆಯಬೇಕಾಗುತ್ತದೆ.

ಬೆಳಗಿನ ಇಡ್ಲಿ ಒಂದು ಉಳಿದಿದ್ದರೆ, ಬಿಸ್ಕತ್ತಿನ ಬದಲು ಅದನ್ನೇ ಚೂರು ಮಾಡಿ ಕೊಡಬಹುದು. ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಮೆತ್ತಗಿದೆ. ಆದರೆ ಬರೀ ಇಡ್ಲಿ. ಸಾಂಬಾರಿನಲ್ಲಿ ಅದ್ದಿದರೆ ಲೆಕ್ಕ ತಪ್ಪಿತು.

ಮನೆಯ ಎಲ್ಲರಿಗೂ ಗೊತ್ತಿರಬೇಕಾದ ಐದು ವಸ್ತು

ಒಣದ್ರಾಕ್ಷಿ, ಹಸಿ ದ್ರಾಕ್ಷಿ. ಇದಕ್ಕೆ ಇಷ್ಟು ಸುರಕ್ಷಿತ ಅನ್ನುವ ಅಳತೆಯೇ ಇಲ್ಲ. ಒಂದು ನಾಯಿ ಒಂದು ಹಿಡಿ ತಿಂದು ಆರಾಮಾಗಿರುತ್ತದೆ, ಇನ್ನೊಂದು ನಾಲ್ಕೈದು ತಿಂದು ಒಂದರಿಂದ ಮೂರು ದಿನದೊಳಗೆ ಕಿಡ್ನಿ ಕಳೆದುಕೊಳ್ಳುತ್ತದೆ. ನಿಮ್ಮದು ಯಾವ ಗುಂಪು ಅಂತ ಮೊದಲೇ ತಿಳಿಯುವ ದಾರಿ ಇಲ್ಲ. ಕೇಸರಿಬಾತು, ಪಾಯಸ, ಲಾಡು, ಪ್ಲಮ್ ಕೇಕು, ಫ್ರೂಟ್ ಬನ್ನು – ದ್ರಾಕ್ಷಿ ಅಡಗಿ ಕೂರುವ ಜಾಗಗಳು ಇವು. ದೇವಸ್ಥಾನದ ಪ್ರಸಾದ ಅಂತ ನಾಯಿ ಬಾಯಿಗೂ ಇಡುತ್ತಾರಲ್ಲ, ಅಲ್ಲೂ ಒಮ್ಮೆ ನೋಡಿ.

ಹುಣಸೆಹಣ್ಣು. ಇದನ್ನು ಓದಿದಾಗ ನನಗೇ ಆಶ್ಚರ್ಯವಾಯಿತು. ದ್ರಾಕ್ಷಿಯಲ್ಲಿ ನಾಯಿಗೆ ಆಗದ್ದು ಏನು ಅಂತ ಬಹಳ ಕಾಲ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು, ಮರುವರ್ಷ ಹುಣಸೆಹಣ್ಣು ತಿಂದು ಕಿಡ್ನಿ ಕೆಟ್ಟ ನಾಯಿಗಳ ಬಗ್ಗೆಯೂ ಬರೆದರು. ಹುಣಸೆಯಲ್ಲಿ ಆ ಆಮ್ಲ ದ್ರಾಕ್ಷಿಗಿಂತ ಹಲವು ಪಟ್ಟು ಜಾಸ್ತಿ. ನಮ್ಮ ಅಡುಗೆ ನಿಂತಿರುವುದೇ ಹುಣಸೆಯ ಮೇಲೆ ಅಲ್ವಾ? ಸಾರು, ಹುಳಿ, ಗೊಜ್ಜು, ಪುಳಿಯೋಗರೆ, ಚಾಟ್ಸ್ ಅಂಗಡಿಯ ಸಿಹಿ ಚಟ್ನಿ. ಒಂದು ತೊಟ್ಟು ಸಾರು ನೆಕ್ಕಿತು ಅಂತ ಆಸ್ಪತ್ರೆಗೆ ಓಡಬೇಕಿಲ್ಲ. ಆದರೆ ದಿನಾ ಸಾರನ್ನ ಕಲಸಿ ಹಾಕುವುದನ್ನು ನಿಲ್ಲಿಸಿ, ಪುಳಿಯೋಗರೆ ಗೊಜ್ಜಿನ ಡಬ್ಬಿ, ಹುಣಸೆ ಉಂಡೆ, ಹುಣಸೆ ಕ್ಯಾಂಡಿ ನಾಯಿಗೆ ಎಟುಕದ ಕಡೆ ಇಡಿ.

ಈರುಳ್ಳಿ, ಬೆಳ್ಳುಳ್ಳಿ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹೋಗುವುದಿಲ್ಲ, ಪುಡಿ ಆದರೆ ಇನ್ನೂ ಗಟ್ಟಿ. ಕೆಜಿ ತೂಕಕ್ಕೆ 15ರಿಂದ 30 ಗ್ರಾಂ ಈರುಳ್ಳಿ ಹೋದರೆ ರಕ್ತದಲ್ಲಿ ಏರುಪೇರು ಕಾಣುತ್ತದೆ. ಕರಿಯನಿಗೆ 200 ಗ್ರಾಮಿಗಿಂತ ಜಾಸ್ತಿ ಬೇಕು, ಹಾಗಾಗಿ ಒಂದು ಬಜ್ಜಿ ತಿಂದರೆ ಪ್ರಾಣಕ್ಕೇನೂ ಬರುವುದಿಲ್ಲ. ಐದು ಕೆಜಿ ನಾಯಿಗಾದರೆ 75 ಗ್ರಾಂ, ಅಂದರೆ ಒಂದು ಮಧ್ಯಮ ಈರುಳ್ಳಿ ಸಾಕು. ಬೆಳ್ಳುಳ್ಳಿ ಅದಕ್ಕಿಂತ ಹಲವು ಪಟ್ಟು ಜೋರು. ಲಕ್ಷಣ ಅವತ್ತೇ ಕಾಣುವುದಿಲ್ಲ, ಮೂರರಿಂದ ಐದು ದಿನ ಬಿಟ್ಟು ಸುಸ್ತು, ಬಿಳಿಚಿದ ಒಸಡು, ಕಾಫಿ ಬಣ್ಣದ ಉಚ್ಚೆ. ಅಷ್ಟು ಹೊತ್ತಿಗೆ ಬಜ್ಜಿ ತಿಂದಿದ್ದು ಯಾರಿಗೂ ನೆನಪಿರುವುದಿಲ್ಲ. ಬೆಳ್ಳುಳ್ಳಿ ಹಾಕಿದರೆ ಉಣ್ಣಿ, ಚಿಗಟ ಬರಲ್ಲ ಅಂತ ಹೇಳುವವರೂ ಇದ್ದಾರೆ, ಕೇಳಬೇಡಿ.

ಚಾಕೊಲೇಟ್. ಇದರಲ್ಲಿರುವ ಥಿಯೋಬ್ರೋಮಿನ್ ನಾಯಿಯ ದೇಹದಿಂದ ಬೇಗ ಹೋಗುವುದಿಲ್ಲ, ಅರ್ಧ ಇಳಿಯಲೇ 17-18 ಗಂಟೆ ಬೇಕು. ಕೆಜಿ ತೂಕಕ್ಕೆ 20 ಮಿಲಿಗ್ರಾಂ ದಾಟಿದರೆ ವಾಂತಿ, ಚಡಪಡಿಕೆ ಶುರು, 40-50ಕ್ಕೆ ಹೃದಯದ ಬಡಿತ ಏರುಪೇರು, 60ಕ್ಕೆ ಫಿಟ್ಸ್. ಹಾಲಿನ ಚಾಕೊಲೇಟಿನಲ್ಲಿ ಗ್ರಾಮಿಗೆ ಸುಮಾರು 2 ಮಿಲಿಗ್ರಾಂ ಇರುತ್ತದೆ. ಹತ್ತು ರೂಪಾಯಿಯ ಪುಟ್ಟ ಬಾರ್ ಒಂದು ಕರಿಯ ತಿಂದರೆ ನಾನು ಕಣ್ಣಿಟ್ಟು ನೋಡುತ್ತೇನೆ ಅಷ್ಟೇ. ಆದರೆ ಕೇಕು ಮಾಡುವ ಕೋಕೋ ಪುಡಿಯಲ್ಲಿ ಗ್ರಾಮಿಗೆ 14ಕ್ಕೂ ಜಾಸ್ತಿ, ಐದು ಕೆಜಿ ನಾಯಿಗೆ ವಾಂತಿ, ಚಡಪಡಿಕೆ ಶುರುವಾಗಲು ಒಂದು ದೊಡ್ಡ ಚಮಚ ಸಾಕು. ಕಪ್ಪಾದಷ್ಟೂ, ಕಹಿಯಾದಷ್ಟೂ ಅಪಾಯ ಜಾಸ್ತಿ ಅಂತ ಇಟ್ಟುಕೊಳ್ಳಿ.

ಕ್ಸೈಲಿಟಾಲ್. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಮಿಂಟ್, ಕೆಲವು ಡಯಾಬಿಟಿಸ್ ತಿಂಡಿಗಳಲ್ಲಿ ಬರುವ ಸಿಹಿ. ನಮ್ಮಲ್ಲಿ ಪ್ಯಾಕೆಟ್ ಮೇಲೆ ಹೆಸರಿನ ಬದಲು 967 ಅಂತ ನಂಬರ್ ಮಾತ್ರ ಇರಬಹುದು. ಕೆಜಿ ತೂಕಕ್ಕೆ 0.1 ಗ್ರಾಂ ಹೋದರೂ ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲೇ ಕುಸಿಯಬಹುದು, ಇನ್ನೂ ಜಾಸ್ತಿ ಹೋದರೆ ಲಿವರ್. ಚಿಕ್ಕ ನಾಯಿಗೆ ಒಂದೆರಡು ಗಮ್ ಸಾಕು. ಈ ಐದರಲ್ಲಿ ಬೇಗ ಕೈ ಮೀರಿ ಹೋಗುವುದು ಇದೇ, ಅಪ್ಪನ ಪ್ಯಾಂಟಿನ ಜೇಬು, ನಿಮ್ಮ ಬ್ಯಾಗು ಎರಡನ್ನೂ ನಾಯಿಯಿಂದ ದೂರ ಇಡಿ.

ಬೀದಿ ನಾಯಿಗೆ ಹಾಕುವವರಿಗೆ

ನಮ್ಮ ರಸ್ತೆಯಲ್ಲಿ ಬೆಳಗ್ಗೆ ವಾಕಿಂಗಿಗೆ ಬರುವವರಲ್ಲಿ ಆರೇಳು ಜನರ ಕೈಯಲ್ಲಿ ಬಿಸ್ಕತ್ತು ಪ್ಯಾಕೆಟ್ ಇರುತ್ತದೆ. ಒಳ್ಳೆ ಮನಸ್ಸು, ಅದರಲ್ಲಿ ಅನುಮಾನ ಇಲ್ಲ. ಆದರೆ ಮೂಲೆಯ ಆ ನಾಲ್ಕು ನಾಯಿಗಳಿಗೆ ಏಳೂವರೆಯೊಳಗೆ ಏಳು ಪ್ಯಾಕೆಟ್ ಬಿಸ್ಕತ್ತು ಹೋಗಿರುತ್ತದೆ, ಮಧ್ಯಾಹ್ನ ಕುಡಿಯಲು ನೀರಿರುವುದಿಲ್ಲ. ಅದೇ ಕಾಸಿಗೆ ಅನ್ನಕ್ಕೆ ಒಂದು ಬೇಯಿಸಿದ ಮೊಟ್ಟೆ ಕಿವುಚಿ, ಅಥವಾ ಈರುಳ್ಳಿ ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಚೂರು ಮೂಳೆ ತೆಗೆದು ಕಲಸಿ ಹಾಕಿದರೆ ಆ ನಾಯಿಗೆ ನಿಜವಾಗಿ ಮೈ ಹತ್ತುತ್ತದೆ. ಬೇಡ, ಅಷ್ಟೆಲ್ಲ ಆಗಲ್ಲ ಅಂದರೆ ಒಂದು ಹಳೆ ಪಾತ್ರೆಯಲ್ಲಿ ನೀರಿಡಿ.

ತಿಂದುಬಿಟ್ಟರೆ?

ಉಪ್ಪು ನೀರು ಕುಡಿಸಬೇಡಿ. ನಮ್ಮ ಹಿರಿಯರು ಮೊದಲು ಹೇಳುವುದೇ ಇದನ್ನು, ಆದರೆ ಜಾಸ್ತಿ ಉಪ್ಪೇ ನಾಯಿಗೆ ವಿಷವಾಗುತ್ತದೆ, ಇದ್ದ ಒಂದು ತೊಂದರೆ ಎರಡಾಗುತ್ತದೆ. ಗಂಟಲಿಗೆ ಬೆರಳು ಹಾಕಬೇಡಿ. ಎಣ್ಣೆ ಕುಡಿಸಬೇಡಿ, ಉಸಿರಿನ ದಾರಿಗೆ ಹೋಗಿ ನ್ಯೂಮೋನಿಯಾ ಆಗಬಹುದು. ವಾಂತಿ ಮಾಡಿಸುವುದಿದ್ದರೆ ಡಾಕ್ಟರೇ ಇಂಜೆಕ್ಷನ್ ಕೊಟ್ಟು ಮಾಡಿಸಬೇಕು, ಅದೂ ತಿಂದ ಒಂದೆರಡು ಗಂಟೆಯೊಳಗೆ ಆದರೆ ಪ್ರಯೋಜನ ಜಾಸ್ತಿ. ಅದಕ್ಕೇ "ಬೆಳಗ್ಗೆವರೆಗೆ ನೋಡೋಣ" ಅನ್ನುವುದು ದ್ರಾಕ್ಷಿ, ಕೋಕೋ, ಗಮ್ ವಿಷಯದಲ್ಲಿ ಬೇಡ. ನಾಯಿ ಚೆನ್ನಾಗಿಯೇ ಓಡಾಡಿಕೊಂಡಿದ್ದರೂ ಹೊರಡಿ.

ಹೊರಡುವ ಮೊದಲು ಫೋನ್ ಮಾಡಿ, ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು ಅಂತ ಇವತ್ತೇ ತಿಳಿದುಕೊಂಡು ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿಡಿ. ಅಲ್ಲಿ ಅವರು ಕೇಳುವುದು ಮೂರೇ: ನಾಯಿಯ ತೂಕ ಎಷ್ಟು, ಏನು ಎಷ್ಟು ತಿಂತು, ಎಷ್ಟು ಹೊತ್ತಾಯಿತು. ಎರಡನೆಯದಕ್ಕೆ "ಏನೋ ಸ್ವೀಟು ಸರ್" ಅಂದರೆ ಅವರಿಗೂ ಕಷ್ಟ. ಕಸದ ಬುಟ್ಟಿಯಿಂದ ಆ ಪ್ಯಾಕೆಟ್ಟನ್ನು ಎತ್ತಿಕೊಂಡೇ ಹೋಗಿ.